ಎವರಾರ್ದೊ ಮನೆಯ ಬಾನೆಟ್ಟು

ಇಲ್ಲಿ ನೆರೆದಿರುವ ಬಂಧುಗಳೇ, ಟ್ಯಾಕ್ಸಿ ಸಂಘದ ಗೆಳೆಯರೇ, ನಮ್ಮ ವರ್ಕ್‌ಶಾಪಿನ ಸಹೋದ್ಯೋಗಿಗಳೇ — ಎಲ್ಲರಿಗೂ ನಮಸ್ಕಾರ. ಕೊಮಾದ್ರೆ ಕಾಸಿಲ್ದ, ನಿಮ್ಮ ಮಗಳಿಗೆ ಜ್ಞಾನಸ್ನಾನದ ತಂದೆಯಾಗಿ ನಿಂತವನು ನಾನು, ಆ ನಂಟಿಗೇ ನಿಮ್ಮನ್ನ ಕೊಮಾದ್ರೆ ಅನ್ನೋದು. ಒಂಬತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ನಿಮ್ಮ ಯಜಮಾನರ ಬಗ್ಗೆ ನಾಲ್ಕು ಮಾತಾಡು ಅಂದ್ರಿ. ಮಾತಾಡ್ತೀನಿ. ಆದ್ರೆ ಮೊದಲೇ ಹೇಳಿಬಿಡ್ತೀನಿ — ದುಃಖ ಒಂದು ಕಡೆ, ಅನುಮಾನ ಇನ್ನೊಂದು ಕಡೆ, ಎರಡೂ ನನ್ನನ್ನ ಕಿತ್ತು ತಿನ್ನುತ್ತಿವೆ.

ದಿವಂಗತ ಡಾನ್ ಎವರಾರ್ದೊ ಅವರೂ ನಾನೂ ಈ ವೆರಾಕ್ರೂಸಿನಲ್ಲಿ ಒಂದೇ ಶೆಡ್ಡಿನಲ್ಲಿ ಕಾರುಗಳಿಗೆ ಪಾಲಿಶ್ ಹಾಕಿದವರು. ಅವರಷ್ಟು ಅನುಮಾನದ ಮನುಷ್ಯನನ್ನ ನಾನು ಕಂಡಿಲ್ಲ. ಮೊಟ್ಟೆ ತಂದರೆ ನೀರಿಗೆ ಹಾಕಿ ನೋಡೋರು. ಪಾದ್ರಿಗಳು ಉಪದೇಶ ಮಾಡಿದರೂ ಮನೆಗೆ ಬಂದು ಬೈಬಲ್ ತೆಗೆದು ತಾಳೆ ನೋಡೋರು! — ನಗಿ, ಪರವಾಗಿಲ್ಲ. ಅವರೂ ನಗೋರು.

ಬಣ್ಣ ಕಾಯೋ ಕೋಟಿಂಗ್ ಮಾರೋರು ಬರ್ತಿದ್ರಲ್ಲ — ಐದು ವರ್ಷ ಬಾಳಿಕೆ, ಏಳು ವರ್ಷ ಬಾಳಿಕೆ ಅಂತ — ಅವರಿಗೆಲ್ಲ ಎವರಾರ್ದೊ ಕೇಳ್ತಿದ್ದದ್ದು ಒಂದೇ: "ಎಲ್ಲಿ ಬಾಳಿತು ಸ್ವಾಮಿ? ಷೋರೂಮಿನ ನೆರಳಲ್ಲೋ, ನಮ್ಮ ಉತ್ತರದ ಗಾಳಿಯಲ್ಲೋ?" ಆ ಗಾಳಿ ಎದ್ದರೆ ಕಡಲಿನ ಉಪ್ಪು, ಮರಳು ಎಲ್ಲ ನಮ್ಮ ಗಾಡಿಗಳ ಮೇಲೇ ಅಲ್ವಾ? ಅದಕ್ಕೇ ಅವರು ಹಳೇ ಟ್ಯಾಕ್ಸಿಯೊಂದರ ಬಾನೆಟ್ಟನ್ನ ಈ ಮನೆಯ ತಾರಸಿಗೆ ಹೊತ್ತುಹಾಕಿದ್ರು. ಟೇಪು ಅಂಟಿಸಿ ಪಟ್ಟಿ ಪಟ್ಟಿ ಮಾಡಿ, ಒಂದೊಂದು ಪಟ್ಟಿಗೆ ಒಂದೊಂದು ಕಂಪನಿಯ ಕೋಟಿಂಗ್. ಒಂದಕ್ಕೆ ಮಾತ್ರ ಏನೂ ಇಲ್ಲ, ಬರೀ ಬಣ್ಣ. ವರ್ಷಗಟ್ಟಲೆ ಬಿಸಿಲು, ಮಳೆ, ಹಕ್ಕಿ ಹಿಕ್ಕೆ. ಯಾವ ಪಟ್ಟಿ ಯಾರದು ಅಂತ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ನನಗೂ! "ನಿನಗೆ ಗೊತ್ತಾದ್ರೆ ನಿನ್ನ ಕಣ್ಣೂ ಪಕ್ಷಪಾತ ಮಾಡುತ್ತೆ ಕಣಯ್ಯ" ಅಂದ್ರು. ಒಂದು ವಾರ ಮಾತು ಬಿಟ್ಟಿದ್ದೆ.

ಆ ಬಾನೆಟ್ಟನ್ನ ಕಾಸಿಲ್ದ ನಿನ್ನೆ ಕೆಳಗೆ ಇಳಿಸಿದ್ದಾರೆ. ಇಗೋ, ಹೂವಿನ ಪಕ್ಕ, ಎರಡು ಕುರ್ಚಿಗಳ ಮೇಲೆ.

ಇನ್ನು — ಲಿಸಾಂದ್ರೊ ಅವರು ಎಲ್ಲಿ? ಹಾಂ, ಬಿಳಿ ಅಂಗಿ. ಕೋಟಿಂಗ್ ಕಂಪನಿಯ ಏಜೆಂಟರು, ಈ ಬಾನೆಟ್ಟಿನಲ್ಲಿ ಅವರದೂ ಒಂದು ಪಟ್ಟಿ ಇದೆ. ಆಗಲೇ ಕಾಫಿ ಕುಡೀತಾ ಬಾನೆಟ್ಟಿನ ಮೇಲೆ ಒಂದು ಲೋಟ ನೀರು ಸುರಿದು, ನಡುವಿನ ಪಟ್ಟಿ ತೋರಿಸಿ ಏನಂದ್ರು? "ನೋಡ್ರಣ್ಣ, ನೀರು ಮುತ್ತು ಮುತ್ತಾಗಿ ನಿಂತಿದೆ! ಇದೇ ನಮ್ಮದು. ಎವರಾರ್ದೊ ಅವರೇ ಪಾಸು ಮಾಡಿದ ಮಾಲು." ಎಲ್ಲ ಟ್ಯಾಕ್ಸಿಗೂ ಆ ಕೋಟಿಂಗ್ ಹಾಕಿಸಬೇಕೋ ಬೇಡವೋ ಅಂತ ನಾಳೆ ಸಂಘದಲ್ಲಿ ಕೈ ಎತ್ತುತ್ತೀರಿ. ಎವರಾರ್ದೊ ಹೆಸರು ಕೇಳಿದರೆ ಎಲ್ಲ ಕೈಗಳೂ ಮೇಲೆ. ಬದುಕಿದ್ದಾಗ ಯಾರಿಗೂ ಹೌದು ಅನ್ನದ ಮನುಷ್ಯ! ಸತ್ತ ಮೇಲೆ ಅವರ ಬಾಯಲ್ಲಿ ಹೌದು ಅನ್ನಿಸೋದೇ?

ನಾನೂ ಬಗ್ಗಿ ನೋಡಿದೆ. ಮುತ್ತು ಒಂದು ಪಟ್ಟಿಯ ಮೇಲಲ್ಲ, ಅಷ್ಟೂ ಪಟ್ಟಿಗಳ ಮೇಲೆ! ಅಂದ್ರೆ ಏನೂ ಹಚ್ಚದ ಬರೀ ಬಣ್ಣದ ಮೇಲೂ. ಇಷ್ಟು ವರ್ಷ ಉಪ್ಪು ತಿಂದ ಬರೀ ಬಣ್ಣದ ಮೇಲೆ ನೀರು ಹಾಗೆ ನಿಲ್ಲಲ್ಲ ಸ್ವಾಮಿ, ಚಪ್ಪಟೆಯಾಗಿ ಹರಡುತ್ತೆ. ಯಾರೋ ಏನೋ ಉಜ್ಜಿದ್ದಾರೆ. ತಲೆ ಎತ್ತಿದೆ — ಲಿಸಾಂದ್ರೊ ಕರ್ಚೀಫಿನಲ್ಲಿ ಕೈ ಒರೆಸ್ಕೊಳ್ತಿದ್ದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ! ಎಲ್ಲರ ಎದುರಿಗೇ ಕೇಳ್ತೀನಿ — ಲಿಸಾಂದ್ರೊ, ಇದನ್ನ ಉಜ್ಜಿದ್ದು ನೀವೇ ತಾನೆ?

ನೀವಲ್ಲ ಅಂತೀರಾ? ಆಣೆ ಇಡ್ತೀರಾ? — ಏನಂದ್ರಿ, ಕೊಮಾದ್ರೆ? ಸ್ವಲ್ಪ ಜೋರಾಗಿ ಹೇಳಿ.

ಹಿಂದೆ ಕೂತವರಿಗೆ ಕೇಳಿಸ್ತಾ? "ನಾನೇ ಉಜ್ಜಿದ್ದು" ಅಂತಿದ್ದಾರೆ. "ಊರೆಲ್ಲ ಬರೋ ದಿನ ಹಕ್ಕಿ ಹಿಕ್ಕೆ ಮೆತ್ತಿದ್ದನ್ನ ಹೂವಿನ ಪಕ್ಕ ಇಡೋಕಾಗುತ್ತಾ? ಮೇಜಿಗೆ ಹಚ್ಚೋ ಮೇಣ ಇತ್ತು, ತಿಕ್ಕಿದೆ. ಅವರು ಇದ್ದಿದ್ರೆ ಬೈತಿದ್ರು." ಬೈತಿದ್ರು, ಕೊಮಾದ್ರೆ. ಆ ಬೈಗುಳ ಕೇಳದೆ ಶೆಡ್ಡಿಗೆ ಹೋಗೋಕೇ ನನಗೆ ಮನಸ್ಸು ಬರ್ತಿಲ್ಲ.

ಲಿಸಾಂದ್ರೊ, ನಾನು ಅನುಮಾನಪಟ್ಟಿದ್ದು ತಪ್ಪು. ಕ್ಷಮಿಸಿ. ಕೂತ್ಕೊಳ್ಳಿ — ಇಲ್ಲ, ಒಂದು ನಿಮಿಷ ನಿಂತಿರಿ. ಕೊಮಾದ್ರೆ, ಆ ನಡುವಿನ ಪಟ್ಟಿ ಯಾರದು?

"ಅದಾ? ಅದಕ್ಕೆ ಏನೂ ಹಚ್ಚಿರಲಿಲ್ಲ."

ಕೇಳಿದ್ರಲ್ಲ, ಗೆಳೆಯರೇ? ಮೇಜಿನ ಮೇಣದ ಮೇಲೆ ನಿಂತ ನೀರಿಗೆ "ಇದೇ ನಮ್ಮದು" ಅಂದ್ರು. ಬೆಳ್ಳಗಿರೋದೆಲ್ಲ ಹಾಲಲ್ಲ. ಲಿಸಾಂದ್ರೊ, ನಿಮ್ಮ ಮಾಲು ಒಳ್ಳೆಯದೇ ಇರಬಹುದು. ಇದ್ದರೆ ಮೇಣ ಹೋದ ಮೇಲೂ ಇರುತ್ತೆ. "ಮೊದಲು ತೊಳಿ, ಆಮೇಲೆ ನಂಬು" — ಎವರಾರ್ದೊ ಬೇರೇನೂ ಕಲಿಸಲಿಲ್ಲ ನಮಗೆ.

ಕೊಮಾದ್ರೆ, ಪಾತ್ರೆ ತೊಳೆಯೋ ಸೋಪು ತನ್ನಿ. ಬಕೆಟ್ಟೂ ಇರಲಿ. ನೀವೇ ತೊಳೀರಿ. ಆಮೇಲೆ ಲಿಸಾಂದ್ರೊ ಅವರದು ನಿಜವಾಗಿ ಯಾವ ಪಟ್ಟಿಯೋ, ಅದರ ಮೇಲೆ ಒಂದು ಲೋಟ ನೀರು ಸುರೀರಿ. ಬಾಯಿ ಬಿಡಬೇಡಿ, ಸುರಿದರೆ ಸಾಕು.

ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ತೀನಿ. ಟೋಪಿ ತೆಗೀರಿ. ಆ ನೀರು ಮುತ್ತಾಗಿ ನಿಲ್ಲೋವರೆಗೆ, ಇಲ್ಲಾ ಚಪ್ಪಟೆಯಾಗಿ ಹರಡೋವರೆಗೆ, ಯಾರೂ ಮಾತಾಡಬೇಡಿ — ಎವರಾರ್ದೊ ಮಾತಾಡಲಿ.