ಒಳಗ ಆಡಿದ ಮಾತು

ಆರು ವರ್ಷದ ಹಿಂದೆ ಲಗ್ನದ ಹಂದರದಲ್ಲಿ ಖಂಡೆಪ್ಪ, "ಸೊಸಿ ಅಲ್ಲ, ನನ್ನ ಮಗಳು" ಅಂತ ಕಾವೇರಿಯ ತಾಯಿಗೆ ಮಾತು ಕೊಟ್ಟಾಗ ಅವನ ಊರು ಅಗರಖೇಡದವಳೇ ಆದ ಚಂದವ್ವ ಅಲ್ಲೇ ಇದ್ದಳು. ಈಗ ಇಂಡಿ ಬಸ್ ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ವಿದ್ಯಾವತಿ ಹೊಸದಾಗಿ ತೆರೆದ ಆಪ್ತಸಲಹೆಯ ಕೋಣೆಯ ಹೊರಗೆ, ತನ್ನ ಪಾಳಿಗೆ ಕಾಯುತ್ತ ಕೂತಿದ್ದ ಚಂದವ್ವನಿಗೆ ಅವನದೇ ದನಿ ಕೇಳಿಸಿತು. ಕೂಸು ತೀರಿದ ಮೇಲೆ ಮೂರು ತಿಂಗಳಿಂದ ಮಾತೇ ಆಡದ ಕಾವೇರಿ ಬಾಗಿಲಲ್ಲಿ ನಿಂತಿದ್ದಳು.

"ಮಾತಾಡಿದಳೇನ್ರಿ ಅಕ್ಕಾರ?"

"ಹೌದ್ರಿ ಯಜಮಾನ್ರ, ಒಂದು ತಾಸು ಮಾತಾಡ್ಯಾರ," ಅಂದಳು ವಿದ್ಯಾವತಿ.

"ಏನಂದ್ಳು?"

"ಹೇಳಾಕ ಬರೂದಿಲ್ರಿ. ಒಳಗ ಆಡಿದ್ದು ಒಳಗ ಇರ್ತೈತಿ. ಮೊದಲನೇ ದಿನಾನ ಹೇಳೇನಲ್ರಿ."

"ಅದು ಹೊರಗಿನವ್ರಿಗೆ. ನಾ ಮನಿ ಹಿರಿಯ. ನನ್ನ ಮ್ಯಾಲೆ ಏನರ ಹೇಳ್ಯಾಳೇನು?"

"ಈಗ ಬಾಯಿ ಬಿಟ್ಟಾರ, ನಡುವ ನಿಲ್ಲಿಸಬ್ಯಾಡ್ರಿ. ಸೋಮವಾರ ಕರ್ಕೊಂಡು ಬರ್ರಿ."

"ದನದ ಡಾಕ್ಟರ ಸುದ್ದಾ ಎಮ್ಮಿಗೆ ಏನಾಗೈತಿ ಅಂತ ಹೇಳ್ತಾನ!"

"ಎಮ್ಮಿ ಅವನ ಮುಂದ ಗುಟ್ಟು ಹೇಳಿರೂದಿಲ್ರಿ."

ಚಂದವ್ವನಿಗೆ ನಗು ಬಂತು. ಕಾವೇರಿಯ ಮುಖ ನೋಡಿ ನುಂಗಿಕೊಂಡಳು.

"ನಡೀ," ಅಂದ ಖಂಡೆಪ್ಪ. "ಅಲ್ಲಿ ಹೇಳಿದ್ದೆಲ್ಲಾ ಮನ್ಯಾಗ ನನ್ನ ಮುಂದ ಹೇಳು. ಇನ್ನ ಇಲ್ಲಿಗೆ ಬರೂದು ಬ್ಯಾಡ."

ಕಾವೇರಿ ತುಟಿ ಬಿಗಿದುಕೊಂಡು ಅವನ ಹಿಂದೆ ಮೆಟ್ಟಿಲಿಳಿದಳು. ಅಗರಖೇಡದ ಟೆಂಪೋ ಇಬ್ಬರನ್ನೂ ಹತ್ತಿಸಿಕೊಂಡು ಹೋಯಿತು. ಹಂದರದಲ್ಲಿ ಕಾವೇರಿಯ ತಾಯಿಗೆ ಕೊಟ್ಟ ಮಾತನ್ನು ಖಂಡೆಪ್ಪ ಮುರಿದ.