ಡೆಲ್ಬರ್ಟನ ಮುಖ

ಆಗಸ್ಟ್ ಹನ್ನೊಂದು, ಮಂಗಳವಾರ, ಅರವತ್ನಾಲ್ಕನೇ ಇಸವಿ. ಹೆಣದ ದಫ್ತರದಲ್ಲಿ ಅಷ್ಟು ಬರ್ಕೊಂಡೆ. ಬೆಳಗ್ಗೆಯಿಂದ ಒಂದು ಎಲೆ ಅಲ್ಲಾಡಿಲ್ಲ, ಏನು ಸೆಕೆ... ಮಿಸಿಸಿಪ್ಪಿಯ ಈ ಸೆಕೆಯಲ್ಲಿ ಹೆಣ ನಾಳೆ ಮಧ್ಯಾಹ್ನ ದಾಟಿದರೆ ನಿಲ್ಲಲ್ಲ ವರ್ಲೀನ್. ಅದಕ್ಕೇ ಹೇಳ್ತಿರೋದು, ಬೇಗ ಒಂದು ಮಾತಿಗೆ ಬಾ. ಡೆಲ್ಬರ್ಟ್ ನಿನ್ನ ಮಗ, ಒಪ್ಪಿದೆ. ಆದರೆ ಅವನ ಶವಪೆಟ್ಟಿಗೆ ತೆರೆದಿಡಬೇಕು, ಮುಖ ಹೇಗಿದೆಯೋ ಹಾಗೇ ಇರಬೇಕು, ಅದರ ಮುಂದೆ ನಿನ್ನ ಶನಿವಾರದ ಪಾಠದ ಮಕ್ಕಳನ್ನ ಸಾಲಾಗಿ ನಿಲ್ಲಿಸ್ತೀನಿ ಅಂದರೆ... ಎಂಟು ವರ್ಷದ ಮಕ್ಕಳು, ತಂಗಿ.

ಹಾಗೆ ನೋಡಬೇಡ. ನಾನೇನು ನಿನ್ನ ಪಾಠಕ್ಕೆ ವಿರೋಧಿಯಾ? ಚರ್ಚಿನ ನೆಲಮಾಳಿಗೆಗೆ ಬೆಂಚು ಕೊಟ್ಟವನು ಯಾರು? ಇದೇ ಹೊರೇಸ್ ಗ್ಯಾಂಟ್. ಹೆಣ ಸಿಂಗರಿಸೋನ ಬೆಂಚು ಅಂತ ಹುಡುಗರು ಮೊದಮೊದಲು ಕೂರೋಕೇ ಹೆದರಿದರಂತೆ... ನಗಲ್ವಾ? ಸರಿ, ನಗೋ ಹೊತ್ತಲ್ಲ. ನಮ್ಮ ಕರಿಯ ಜನರ ಚರಿತ್ರೆ ಹೇಳಿಕೊಡು, ಯಾರು ಬೇಡ ಅಂದರು? ಹಡಗು ನಡೆಸಿದವರು, ಗಡಿಯಾರ ಮಾಡಿದವರು, ಯಜಮಾನನ ಕಣ್ಣು ತಪ್ಪಿಸಿ ಅಕ್ಷರ ಕಲಿತವರು... ಮಕ್ಕಳ ಬೆನ್ನು ನೆಟ್ಟಗಾಗೋ ಅಂಥದ್ದು ಹೇಳು. ಇದನ್ನ ಯಾಕೆ?

ಗೊತ್ತು. ಕೋರ್ಟ್ ಕಟ್ಟಡದಲ್ಲಿ ಏನಾಯ್ತು ಅಂತ ನನಗೂ ಗೊತ್ತು. ನಮ್ಮ ಶಾಲೆಯಲ್ಲಿ ನಮ್ಮ ಚರಿತ್ರೆಯನ್ನೂ ಕಲಿಸಿ ಅಂತ ಡೆಲ್ಬರ್ಟ್ ಅರ್ಜಿ ಹಿಡಿದು ಹೋದ, ಜೊತೆಗೆ ನನ್ನ ಮಗ ಎಲ್ರಾಯ್. ಶೆರೀಫ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿಕೊಂಡು ಕೇಳಿದನಂತೆ, "ಈ ಕೌಂಟಿಯಲ್ಲಿ ನಿಮ್ಮವರನ್ನ ಯಾರಾದರೂ ಮುಟ್ಟಿದ್ದುಂಟೇನೋ? ಅಂಥ ಒಬ್ಬನ ಹೆಸರು ಹೇಳೋ, ನೋಡೋಣ." ಡೆಲ್ಬರ್ಟನ ಬಾಯಿಂದ ಒಂದು ಹೆಸರೂ ಬರಲಿಲ್ಲ. ಎಲ್ಲ ನಕ್ಕರು. ಸಂಜೆ ಶೆರೀಫನ ಕಡೆಯವರು ದಾರಿಯಲ್ಲಿ ಅಡ್ಡಗಟ್ಟಿದರು. ಎಲ್ರಾಯ್‌ನನ್ನ ಜೈಲಿಗೆ ಎಳೆದುಕೊಂಡು ಹೋದರು. ನಿನ್ನ ಮಗ ಸೇತುವೆಯಿಂದ ಬಿದ್ದ ಅಂತಾರೆ. ಬಿದ್ದವನ ಬೆನ್ನ ಮೇಲೆ ಬೂಟಿನ ಅಚ್ಚು ಮೂಡುತ್ತಾ? ಬಿದ್ದವನ ಕೆಳದವಡೆ ಗಾಜಿನ ಹಾಗೆ ಪುಡಿಯಾಗುತ್ತಾ? ನೋಡಿದವನು ನಾನು. ನನಗೆ ಹೇಳೋಕೆ ಅವರು ಬರೋದು ಬೇಡ.

ಒಂದು ಹೆಸರು ಬೇಕಂತೆ. ಹೆಸರಿಗೇನು ಬರ? ನಮ್ಮಪ್ಪ ಈ ಮೇಜಿನ ಮೇಲೆ ಎಂತೆಂಥವರನ್ನ ಮಲಗಿಸಿಕೊಂಡಿದ್ದರು... ವಿಲ್ಲಿಸ್ ಓಡಮ್. ಕೇಳಿದ್ದೀಯಾ? ಇಲ್ಲ, ಕೇಳಿರಲ್ಲ. ಹತ್ತಿಯ ತೂಕದಲ್ಲಿ ಮೋಸ ಇದೆ ಅಂದ, ಅಷ್ಟೇ. ಜೈಲಿಗೆ ಹಾಕಿಸಿದರು, ಆಮೇಲೆ ಬಿಳಿಯರೇ ಗುಂಪುಗೂಡಿ ಬಾಗಿಲು ಒಡೆದು ಹೊರಗೆಳೆದರು. ಸೀಮೆಣ್ಣೆ ಸುರಿದು ಹಚ್ಚಿದರು, ಇನ್ನೂ ಜೀವ ಇತ್ತು. ಅದಕ್ಕೂ ಮೊದಲು ಬೆರಳು ಕತ್ತರಿಸಿ ಹಂಚಿಕೊಂಡಿದ್ದರು. ಅಪ್ಪ ಮೇಣದಲ್ಲಿ ಮೂಗು ಮಾಡಿದರು, ತುಟಿ ಮಾಡಿದರು, ಕೈಗೆ ಬಿಳಿ ಕೈಗವಸು ಹಾಕಿ ಒಳಗೆ ಕಡ್ಡಿ ತುಂಬಿದರು. ವಿಲ್ಲಿಸನ ಹೆಂಡತಿ ನೋಡಿ, ನಿದ್ದೆ ಮಾಡ್ತಿರೋ ಹಾಗಿದ್ದಾನೆ ಅಂದಳು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಆಮೇಲೆ ಮಕ್ಕಳನ್ನ ಕಟ್ಟಿಕೊಂಡು ಶಿಕಾಗೋಗೆ ಹೊರಟುಹೋದಳು. ಇಲ್ಲಿದ್ದ ನಾವು ನಿಮಗೆಲ್ಲ ಯಾರೋ ಒಬ್ಬ ಜ್ವರದಲ್ಲಿ ಸತ್ತ ಅಂತ ಹೇಳಿದೆವು, ಹೆಸರೂ ಎತ್ತಲಿಲ್ಲ. ನೀವು ಹೆದರದೆ ಬೆಳೆಯಲಿ ಅಂತ.

ಆ ಬಿಳಿಯರೇನು ಮಾಡಿದರು ಗೊತ್ತಾ? ವಿಲ್ಲಿಸನ ಹೆಬ್ಬೆರಳು ಎಷ್ಟೋ ವರ್ಷ ಅವರ ಅಂಗಡಿಯ ಕಿಟಕಿಯಲ್ಲಿ, ಸ್ಪಿರಿಟ್ ಬಾಟಲಿಯಲ್ಲಿ ತೇಲ್ತಿತ್ತು. ಈ ಶೆರೀಫ್ ಚಿಕ್ಕವನಿದ್ದಾಗ ಚಡ್ಡಿ ಹಾಕ್ಕೊಂಡು ಅದರ ಮುಂದೆ ನಿಂತು ಐಸ್‌ಕ್ರೀಂ ನೆಕ್ಕಿದವನು. ಅವರು ತಮ್ಮ ಮಕ್ಕಳಿಗೆ ಪಾಠ ತಪ್ಪಿಸಿಲ್ಲ ವರ್ಲೀನ್. ಹೆಸರು ಹೇಳು ಅಂತ ಕೇಳಿದಾಗ ಅವನಿಗೆ ಹೆಸರು ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿಲ್ಲದೆ ನಿಂತವರು ನಮ್ಮ ಹುಡುಗರು ಮಾತ್ರ. ಬಾಯಲ್ಲಿ ಆ ಒಂದು ಹೆಸರಿದ್ದಿದ್ದರೆ, ನಗ್ತಿದ್ದರಾ? ಹೊಡೀತಿದ್ದರೇನೋ. ಆದರೆ ನಗ್ತಿರಲಿಲ್ಲ. ಅವರು ಬಾಟಲಿಯಲ್ಲಿ ಕಾಪಾಡಿಕೊಂಡರು, ನಾವು ಮೇಣ ಮೆತ್ತಿ ಮಣ್ಣು ಮಾಡಿದೆವು. ಇನ್ನೊಬ್ಬ ಹುಡುಗ ಆ ಕುರ್ಚಿಯ ಮುಂದೆ ಹೋಗಿ ನಿಂತಾಗ...

ಹೌದು, ನಿನ್ನ ಪರವಾಗಿಯೇ ಮಾತಾಡ್ತಿದ್ದೀನಿ. ನನಗೂ ಕೇಳಿಸ್ತಿದೆ. ಅದಕ್ಕೇ ಹಾಗೆ ನೋಡ್ತಿದ್ದೀಯಾ?

ಎಲ್ಲಿಗೆ ಎದ್ದೆ? ಒಳಗೆ ಬೇಡ. ನಾಳೆ ನೋಡುವೆಯಂತೆ, ಇನ್ನೂ ಕೆಲಸ ಇದೆ... ವರ್ಲೀನ್, ಆ ಬಟ್ಟೆ ಎತ್ತಬೇಡ. ನನ್ನ ಮಾತು ಕೇಳು...

ಹೌದು. ಮುಗಿಸಿದ್ದೀನಿ. ನೀನು ಬರೋ ಮೊದಲೇ ಮುಗಿಸಿದ್ದೆ. ನಿನ್ನನ್ನ ಒಪ್ಪಿಸಬಹುದು ಅಂದ್ಕೊಂಡಿದ್ದೆ... ಒಂದು ಗಾಯ ಕಾಣುತ್ತಾ ನೋಡು. ಕಣ್ಣು, ದವಡೆ, ಎಲ್ಲ ಸರಿಯಾಗಿದೆ. ನಿದ್ದೆ ಮಾಡ್ತಿರೋ... ಬೇಡ. ಆ ಮಾತು ಬೇಡ.

ಬೈಯಿ.

ಕರ್ಚೀಫು ಯಾಕೆ ತೆಗೆದೆ? ಬಣ್ಣ ಒರೆಸಬೇಡ. ಆ ಕೆನ್ನೆ ಒತ್ತಬೇಡ ತಂಗಿ, ಒಳಗೆ ಮೂಳೆ ಇಲ್ಲ, ಬರೀ ಹತ್ತಿ. ಬಂತು ನೋಡು, ಹೊಲಿಗೆ ಬಿಚ್ಚಿಕೊಳ್ತು. ಕಣ್ಣಿನ ಹತ್ತಿರ ಹೋಗಬೇಡ. ನಿಲ್ಲಿಸು. ಈ ಮುಖ ಹೊರಗೆ ಹೋಗೋ ಹಾಗಿಲ್ಲ. ಯಾಕೆ ಅಂತ ಕೇಳು, ಬಾಯಿಬಿಟ್ಟು ಕೇಳು...

ಕೇಳಲ್ಲ. ಒರೆಸ್ತಾನೇ ಇರ್ತೀಯ.

ದುಡ್ಡಲ್ಲ. ಒಂದು ಡಾಲರ್ ಮುಟ್ಟಿದ್ದರೆ ಈ ಕೈ ಬಿದ್ದುಹೋಗಲಿ. ಬೆಳಗ್ಗೆ ಬಾಗಿಲಿಗೆ ಕಾರು ಬಂತು. ಶೆರೀಫ್ ಇಳಿಯಲೂ ಇಲ್ಲ, ಕಿಟಕಿಯಿಂದಲೇ ಅಂದ, "ಅಪ್ಪನ ಕೈಚಳಕ ನಿನಗೂ ಬಂದಿದೆಯಂತಲ್ಲೋ ಹೊರೇಸ್. ಹುಡುಗನನ್ನ ಚೆಂದ ಮಾಡು. ಚೆಂದವಾಗೇ ಮಣ್ಣಿಗೆ ಹೋಗಲಿ." ಹಿಂದಿನ ಸೀಟಿನಲ್ಲಿ ಎಲ್ರಾಯ್ ಕೂತಿದ್ದ. ಕೈಗೆ ಕೋಳ, ಬಾಯಲ್ಲಿ ರಕ್ತ. ನನ್ನ ಕೆಲಸ ಮುಗಿಯೋವರೆಗೂ ಅವನನ್ನ ಬಿಸಿಲಲ್ಲಿ ಕಾರಿನೊಳಗೇ ಕೂರಿಸಿದ್ದರು. ಆಮೇಲೆ ಒಳಗೆ ಬಂದು ಮುಖ ನೋಡಿ, ಹೊರಗೆ ಹೋಗಿ ಕೋಳ ಬಿಚ್ಚಿದರು.

ಅವನೀಗ ಹಿಂದೆ, ಅಡುಗೆಮನೆಯಲ್ಲಿದ್ದಾನೆ. ಅವನಮ್ಮ ಗಂಜಿ ಕುಡಿಸ್ತಿದ್ದಾಳೆ. ಈ ಮುಖಕ್ಕೆ ಅವರು ಕೊಟ್ಟದ್ದು ಅಷ್ಟು, ತಂಗಿ. ನೀನು ಒರೆಸಿದರೆ ಅವನನ್ನ ವಾಪಸ್ ತಗೊಳ್ತಾರೆ.