ದಂಡನಾಯಕ ಒರಗಿದ ಮರ

...ಅಯ್ಯೋ, ಆ ಕಡೆ ಏನಿಲ್ಲ ಡಾಕ್ಟ್ರೇ, ಬರೀ ಪಾಚಿ. ಮರದ ಡಾಕ್ಟರಾದ್ರೂ ಮೊದಲು ಫಲಕ ಓದ್ಬೇಕು, ಈ ಕಡೆ ಬನ್ನಿ. ‘ಹಿಮ್ಮೆಟ್ಟುತ್ತಿದ್ದ ಸೇನೆಯ ದಂಡನಾಯಕರು ಈ ಮರಕ್ಕೆ ಒರಗಿ ವಿಶ್ರಮಿಸಿದರು.’ ಆಹಾ! ವಿಶ್ರಮಿಸಿದರಂತೆ! ನಮ್ಮಜ್ಜಿ ಈ ಬಾಗಿಲ ಸಂದಿಯಿಂದ ಕಣ್ಣಾರೆ ನೋಡಿದವಳು. ಆ ಮಹಾರಾಯ ದೊಪ್ಪಂತ ಕೂತ, ಬೂಟು ಬಿಚ್ಚಿದ, ಒಂದು ತಂಬಿಗೆ ನೀರು ಕುಡಿದ, ಎದ್ದು ಹೋದ. ತಂಬಿಗೇನೂ ಎತ್ಕೊಂಡು ಹೋದ! ನಗ್ತೀರಾ? ನಗಿ, ನಗಿ. ನಡೆಯಲಾಗದ ಸಿಪಾಯಿಗಳನ್ನ ಇದೇ ನೆರಳಲ್ಲಿ ಬಿಟ್ಟು ಹೋದ. ಅದು ಮಾತ್ರ ಫಲಕದಲ್ಲಿಲ್ಲ.

ಅಲ್ಲಾ, ಸೋತು ಓಡೋನು ಒಂದು ಗಳಿಗೆ ಬೆನ್ನು ತಾಗಿಸಿದ್ದಕ್ಕೆ ಮರಕ್ಕೆ ಬೇಲಿ, ಕಾವಲು, ಸಮಿತಿ! ಹುಟ್ಟಿದಾಗಿಂದ ಇದರ ಬುಡದಲ್ಲೇ ಬಟ್ಟೆ ಹೊಲ್ಕೊಂಡು ಬಿದ್ದಿರೋ ನನಗೆ ಒಂದು ಕೊಂಬೆ ಸವರೋ ಹಕ್ಕಿಲ್ಲ. ಹೋದ ವರ್ಷ ಗಾಳಿಗೆ ಕೊಂಬೆ ಮುರಿದು, ಹೆಂಚು ಒಡ್ಕೊಂಡು, ಸೀದಾ ತೊಟ್ಟಿಲ ಮೇಲೆ! ಹಾಲು ಕುಡಿಸೋಕೆ ಅಂತ ನನ್ನ ಮಗಳು ಕೂಸನ್ನ ಆಗಷ್ಟೇ ಎತ್ಕೊಂಡಿದ್ಲು. ಇಲ್ದಿದ್ರೆ... ಸಮಿತಿಯ ಅಧ್ಯಕ್ಷರು ಬಂದ್ರು, ಕಣ್ಣಲ್ಲಿ ನೀರು ಹಾಕಿದ್ರು. ಯಾರಿಗೆ? ಕೊಂಬೆಗೆ!

ಈಗ ತಾನಾಗೇ ಒಣಗ್ತಿದೆ. ಹುಳ, ಡಾಕ್ಟ್ರೇ. ಹುಳ ಅಂತ ಒಂದು ಮಾತು ಬರೆದುಬಿಡಿ, ಕಡಿಸ್ತಾರೆ. ನಿಮ್ಮ ಮಾತಾದ್ರೆ ಕೇಳ್ತಾರಂತೆ.

ಯಾಕೆ ಬಗ್ಗಿದ್ರಿ? ಬೇರಿನ ಹತ್ರ ಇರುವೆ ಇದೆ, ಕಚ್ಚುತ್ತೆ... ಹ್ಞಾ, ಹುಳದ ತೂತೇ ಅದು. ದುಂಡಗಿರುತ್ತೆ. ಎಲ್ಲಾ ಒಂದೇ ಅಳತೆ ಅಂದ್ರೆ... ಶಿಸ್ತಿನ ಹುಳ ಇರ್ಬೇಕು, ಸೇನೆ ಜೊತೆ ಬಂದದ್ದು! ...ಈಗ ಯಾಕೆ ನಗ್ತಿಲ್ಲ?

ಚಾಕು ಯಾಕೆ? ಅದು ಅಂಟು. ಮರ ಅಂಟು ಸುರಿಸಲ್ವಾ? ...ಮೇಣಾನಾ? ಇದ್ದೀತು. ಯಾವ್ದೋ ಜೇನು... ನನ್ನ ಮಡಿಲು ಯಾಕೆ ನೋಡ್ತೀರಿ? ಇದು ದಾರಕ್ಕೆ ಉಜ್ಜೋ ಮೇಣ. ಗುಂಡಿ ಬಿಗಿಯಾಗಿ ನಿಲ್ಲಲಿ ಅಂತ ದರ್ಜಿಗಳೆಲ್ಲಾ ಇಟ್ಕೊಂಡಿರ್ತೀವಿ... ಕೊಡಿ ಇಲ್ಲಿ! ತೂತಿನ ಮೇಣಕ್ಕೆ ದಾರದ ಎಳೆ ಅಂಟಿದ್ರೆ ಏನಾಯ್ತು? ನೀಲಿ ದಾರ ನನ್ನೊಬ್ಬಳ ಹತ್ರಾನೇ ಇರೋದಾ?

ಬೈಯೋದಾದ್ರೆ ಬೈದುಬಿಡಿ, ಡಾಕ್ಟ್ರೇ.

...ನಿಮ್ಮನೇಲಿ ಮಕ್ಕಳಿಲ್ವಾ? ಎಷ್ಟು ಅಂತ ಆ ಸಮಿತಿಯವರ ಬಾಗಿಲಿಗೆ ಅಲೆಯಲಿ? ಕಳೆ ಸುಡೋ ಔಷಧಿ, ಅಷ್ಟೇ. ತೂತು ಕೊರೆದೆ, ಸುರಿದೆ, ಮುಚ್ಚಿದೆ. ಬರೀರಿ, ನನ್ನ ಹೆಸರೇ ಬರೀರಿ! ...ಪೆನ್ನು ಯಾಕೆ ಒಳಗಿಡ್ತೀರಿ? ಮೇಲೇನು ನೋಡ್ತಿದೀರಿ? ನನ್ನ ಮುಖ ನೋಡಿ. ನಮ್ಮ ಹೆಂಚಿನ ಮೇಲಿರೋ ಆ ದೊಡ್ಡ ಕೊಂಬೆ... ಎಲೆ ಉದುರಿ ಹಗುರ ಆಯ್ತಲ್ಲ, ಇನ್ನೇನು ಭಯ... ಅಲ್ವಾ? ಗಾಳಿಯೇ ಇಲ್ಲ, ಮತ್ತೆ ಯಾಕೆ ಲಟಕ್ಕಂತು? ಡಾಕ್ಟ್ರೇ, ಒಣಗಿದ್ದೇ... ಒಣಗಿದ್ದೇ ಮೊದಲು ಬೀಳುತ್ತಾ?

ಹೇಳ್ರೀ!

...ಮಗಳೇ! ಏ ಮಗಳೇ! ಅಲ್ಲಿರೋದೆಲ್ಲಾ ಅಲ್ಲೇ ಬಿಡು, ಕೂಸನ್ನ ಎತ್ಕೊಂಡು ಆಚೆ ಬಾರೇ!